ಫೋಟೋದಲ್ಲಿಲ್ಲದ ಇಪ್ಪತ್ತನಾಲ್ಕು ಮಂದಿ: 1956–57ರ ಒಂದು ಹತ್ತನೇ ಕ್ಲಾಸನ್ನು ಮತ್ತೆ ಜೋಡಿಸಿದ ಪ್ರಕರಣ

ಯಲಬುರ್ಗಾ ಸೀಮೆಯ ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಒಂದು ಸಣ್ಣ ಊರು. ಈಗ ಕೊಪ್ಪಳ ಜಿಲ್ಲೆ, 1997ರವರೆಗೆ ರಾಯಚೂರು ಜಿಲ್ಲೆ. ಅಲ್ಲಿನ ಹೈಸ್ಕೂಲಿನ 1956–57ನೇ ಸಾಲಿನ ಹತ್ತನೇ ಕ್ಲಾಸಿನದು ಒಂದು ಗ್ರೂಪ್ ಫೋಟೋ ಸಿಕ್ಕಿದೆ. ಅದೇ ಫೋಟೋದ ಇನ್ನೊಂದು ಪ್ರತಿ ಬೇರೊಂದು ಮನೆಯಲ್ಲಿದೆ. ಎರಡರ ಬೆನ್ನಿಗೂ ಹೆಸರುಗಳಿವೆ, ಆದರೆ ಒಂದು ಪಟ್ಟಿಗೆ ಇನ್ನೊಂದು ಹೊಂದುವುದಿಲ್ಲ. ಶಾಲೆಯ ಕಪಾಟಿನಲ್ಲಿ ದಾಖಲಾತಿ ವಹಿ, ಕೆಲವು ಹಾಜರಿ ಪುಸ್ತಕ, ಒಂದು ಫೀ ವಹಿ ಉಳಿದಿವೆ. ಆ ಕ್ಲಾಸಿನವರಲ್ಲಿ ಇಂದು ಇರುವವರಿಗೆ ಎಂಬತ್ತು ದಾಟಿದೆ. ಶಾಲೆಯವರ ಬೇಡಿಕೆ ಸರಳ: ಫೋಟೋ ದೊಡ್ಡದು ಮಾಡಿ ಹಾಲ್‌ನಲ್ಲಿ ಹಾಕಬೇಕು, ಕೆಳಗೆ ಎಲ್ಲರ ಹೆಸರು ಬರೆಯಬೇಕು.

ಊರಿನ ಹೆಸರು, ಶಾಲೆಯ ಹೆಸರು, ಯಾರದೇ ಹೆಸರನ್ನು ಇಲ್ಲಿ ಕೊಟ್ಟಿಲ್ಲ. ರಾಯಚೂರು–ಕೊಪ್ಪಳ ಭಾಗದ ಇಂಥ ಶಾಲೆಗಳಲ್ಲಿ ಎದುರಾಗುವ ತೊಡಕುಗಳನ್ನು ಒಂದೇ ಕ್ಲಾಸಿನ ಸುತ್ತ ಜೋಡಿಸಿದ ಮಾದರಿ ಪ್ರಕರಣ ಇದು. ತಲೆ ಎಣಿಕೆಗಳನ್ನೂ ಮಾತುಗಳನ್ನೂ ಲೆಕ್ಕದ ಕ್ರಮ ತೋರಿಸಲು ಇಟ್ಟುಕೊಂಡದ್ದು. ಇತಿಹಾಸದ ತಾರೀಕು, ನಾಣ್ಯದ ಲೆಕ್ಕ, ಫಸಲಿ (ಹಳೇ ಕಂದಾಯ ವರ್ಷದ) ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೆ.

ಹೆಸರು ಬರೆಯುವ ಮೊದಲು ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಬೇಕು. ಫೋಟೋದಲ್ಲಿರುವುದು ಕ್ಲಾಸಲ್ಲ, ಕ್ಲಾಸಿನಲ್ಲಿ ಕೊನೆಯವರೆಗೂ ಉಳಿದವರು. ಕ್ಲಾಸು ಯಾವುದು ಎಂಬುದನ್ನು ಮೂರು ವರ್ಷ ಹಿಂದಿನ ದಾಖಲಾತಿ ವಹಿ ಹೇಳುತ್ತದೆ. ಇಷ್ಟನ್ನು ಮರೆತು ಫೋಟೋದಿಂದ ಕೆಲಸ ಶುರು ಮಾಡಿದರೆ, ಯಾರ ನೆನಪು ಎಲ್ಲಕ್ಕಿಂತ ಬೇಗ ಅಳಿದಿದೆಯೋ ಅವರನ್ನೇ ಎರಡನೇ ಸಲ ಹೊರಗೆ ನಿಲ್ಲಿಸಿದಂತಾಗುತ್ತದೆ.

ಎಣಿಕೆ

1954ರ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಹೆಸರು ಹಚ್ಚಿದವರು 40: ಹುಡುಗರು 38, ಹುಡುಗಿಯರು 2. 1956ರ ಜೂನ್‌ನಲ್ಲಿ ಹತ್ತನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ 25 ಹೆಸರು. ನಲವತ್ತರಲ್ಲಿ ಹದಿನೈದು ಮಂದಿ ಬಿಟ್ಟರು ಎಂದು ಇದರಿಂದ ತೀರ್ಮಾನ ಮಾಡುವಂತಿಲ್ಲ. ಎರಡೂ ಪಟ್ಟಿಯನ್ನು ದಾಖಲಾ ನಂಬರಿನ ಮೇಲೆ ಒಂದೊಂದಾಗಿ ತಾಳೆ ಹಾಕಿದಾಗ ಸಿಕ್ಕ ಲೆಕ್ಕ ಬೇರೆ: ಇಪ್ಪತ್ತೈದರಲ್ಲಿ ಮೊದಲ ನಲವತ್ತರವರು 19, ಒಂಬತ್ತನೇ ಕ್ಲಾಸಿಗೆ ಬೇರೆ ಶಾಲೆಯಿಂದ ಬಂದು ಸೇರಿದವರು 4, ಹಿಂದಿನ ವರ್ಷ ಹತ್ತರಲ್ಲಿ ನಪಾಸಾಗಿ ಮತ್ತೆ ಕೂತವರು 2. ಅಂದರೆ ನಲವತ್ತರಲ್ಲಿ 21 ಮಂದಿ ದಾರಿಯಲ್ಲೇ ತಪ್ಪಿದ್ದಾರೆ. ಅವರಲ್ಲಿ 7 ಜನ ಎಂಟು ಅಥವಾ ಒಂಬತ್ತರಲ್ಲಿ ಹಿಂದೆ ಉಳಿದರು, 4 ಜನ ಟಿ.ಸಿ. ತಗೊಂಡು ಹೋದರು, 10 ಜನರ ಹೆಸರನ್ನು ಗೈರುಹಾಜರಿಯ ಮೇಲೆ ತೆಗೆದುಹಾಕಲಾಗಿದೆ. ಆ ಹತ್ತರಲ್ಲಿ ಇಬ್ಬರು ಹುಡುಗಿಯರೂ ಇದ್ದಾರೆ.

ಫೋಟೋದಲ್ಲಿ ವಿದ್ಯಾರ್ಥಿಗಳು 22. ಹತ್ತನೇ ಕ್ಲಾಸಿನ ಇಪ್ಪತ್ತೈದರಲ್ಲಿ ಇನ್ನೂ ಮೂವರು ಇಲ್ಲ, ಮೂವರೂ ಮೊದಲ ನಲವತ್ತರವರೇ. ಒಟ್ಟು 24 ಮಂದಿ ಫೋಟೋದ ಹೊರಗೆ, 16 ಮಂದಿ ಒಳಗೆ.

ಹೋಲಿಕೆಗೆ ದಾಖಲಾ ನಂಬರನ್ನೇ ಹಿಡಿಯಬೇಕು, ಹೆಸರನ್ನಲ್ಲ. ಈ ಭಾಗದಲ್ಲಿ ಒಂದು ಕ್ಲಾಸಿನಲ್ಲಿ ನಾಲ್ಕು ಬಸಪ್ಪ, ಮೂರು ಹನುಮಪ್ಪ, ಇಬ್ಬರು ಖಾಜಾಸಾಬ ಇರುವುದು ಸಾಮಾನ್ಯ. ಅಡ್ಡಹೆಸರು ಒಂದು ವಹಿಯಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ತಂದೆಯ ಹೆಸರು, ಊರು ಎರಡೂ ಕೂಡಿದರೆ ಹೆಚ್ಚುಕಡಿಮೆ ಬಿಡಿಸಬಹುದು. ಅಣ್ಣ-ತಮ್ಮಂದಿರು ಒಂದೇ ಕ್ಲಾಸಿನಲ್ಲಿದ್ದರೆ ಅದೂ ಸಾಲದು. ದಾಖಲಾ ನಂಬರ್ ಮಾತ್ರ ಒಬ್ಬರಿಗೆ ಒಂದೇ.

ಒಂದೇ ಫೋಟೋ, ಎರಡು ಪಟ್ಟಿ

ಮೊದಲ ಪ್ರತಿ ಹಳೇ ಫುಲ್ ಪ್ಲೇಟ್ ಪ್ರಿಂಟ್, ಎಂಟೂವರೆ ಇಂಚು ಅಗಲ, ಆರೂವರೆ ಇಂಚು ಎತ್ತರ. ದಪ್ಪ ರಟ್ಟಿಗೆ ಅಂಟಿಸಿ ಗಾಜಿನ ಚೌಕಟ್ಟು ಹಾಕಿಸಿದ್ದು. ನೆಲದ ಮೇಲೆ 4 ಹುಡುಗರು, ಕುರ್ಚಿಯ ಮೇಲೆ 7 ಮಾಸ್ತರರು, ಅವರ ಹಿಂದೆ 10, ಬೆಂಚಿನ ಮೇಲೆ ನಿಂತವರು 8. ನಡುಸಾಲಿನ ಬಲತುದಿಯಲ್ಲಿ ಚಪರಾಸಿ. ಎರಡನೇ ಪ್ರತಿ ತೀರಾ ಈಚಿನದು, ಫೋಟೋವನ್ನೇ ಫೋಟೋ ತೆಗೆಸಿ ಮಾಡಿಸಿದ್ದು. ಅದರಲ್ಲಿ ಒಂದು ಅಂಚು ಕತ್ತರಿಸಿ ಹೋಗಿದೆ. ಚಪರಾಸಿ ಇಲ್ಲ, ಅವರ ನೆತ್ತಿಯ ಮೇಲೆ ಬೆಂಚಿನ ತುದಿಯಲ್ಲಿ ನಿಂತಿದ್ದ ಒಬ್ಬ ಹುಡುಗನೂ ಇಲ್ಲ.

ಎರಡೂ ಪಟ್ಟಿಗಳಿಗೆ ‘ಎಡದಿಂದ ಬಲಕ್ಕೆ’ ಎಂದೇ ತಲೆಬರಹ. ಹಾಗಿದ್ದರೂ ಹೆಸರುಗಳು ತಾಳೆಯಾಗುವುದಿಲ್ಲ. ಇಂಥಲ್ಲಿ ಜನ ಮಾಡುವ ಮೊದಲ ಕೆಲಸ ಒಬ್ಬರ ನೆನಪನ್ನು ಸುಳ್ಳು ಎನ್ನುವುದು. ಹಾಗೆ ಮಾಡುವ ಮುಂಚೆ ಮಾಸ್ತರರ ಸಾಲನ್ನು ನೋಡಬೇಕು. ಇಲ್ಲಿ ನಡುವಿನ ಹೆಡ್‌ಮಾಸ್ತರರ ಹೆಸರು ಎರಡು ಪಟ್ಟಿಯಲ್ಲೂ ನಾಲ್ಕನೆಯದು. ಉಳಿದ ಆರು ಹೆಸರು ಮಾತ್ರ ಹಿಂದುಮುಂದು: ಒಂದರಲ್ಲಿ ಮೊದಲನೆಯವರು ಇನ್ನೊಂದರಲ್ಲಿ ಏಳನೆಯವರು. ನಡು ಕೂಡಿ ತುದಿ ತಪ್ಪಿದರೆ ಅದು ನೆನಪಿನ ದೋಷವಲ್ಲ, ಎರಡರಲ್ಲಿ ಒಂದು ಪ್ರತಿ ಮಗುಚಿ ಪ್ರಿಂಟಾಗಿದೆ. ಪ್ರಿಂಟ್ ಹಾಕುವಾಗ ನೆಗೆಟಿವ್ ತಿರುವಿ ಇಟ್ಟರೆ ಹೀಗಾಗುತ್ತದೆ.

ಯಾವುದು ಸರಿ ಎಂದು ತಿಳಿಯಲು ಅಂಗಿಯ ಕಿಸೆ ಸಾಕು. ಕಿಸೆ ಹೊಲಿಯುವುದು ಅಂಗಿ ತೊಟ್ಟವನ ಎಡ ಎದೆಗೆ. ಎದುರು ನಿಂತು ನೋಡುವವರಿಗೆ ಅದು ಬಲಕ್ಕೆ ಕಾಣಬೇಕು. ಕೋಟಿನ ಎದೆಯ ಕಿಸೆಯೂ ಹಾಗೆಯೇ. ಗಂಡಸರ ಅಂಗಿಯಲ್ಲಿ ಎಡಮಗ್ಗಲಿನ ಪಟ್ಟಿ ಬಲದರ ಮೇಲೆ ಬರುತ್ತದೆ. ಗಡಿಯಾರ ಕಟ್ಟಿದ ಮಾಸ್ತರರಿದ್ದರೆ ಅದು ಎಡಗೈಯಲ್ಲಿರುವುದು ಹೆಚ್ಚು. ಒಬ್ಬರ ಅಂಗಿ ನೋಡಿ ತೀರ್ಮಾನಿಸಬಾರದು, ಕಾಣುವ ಕಿಸೆಗಳನ್ನೆಲ್ಲ ಎಣಿಸಬೇಕು. ಈ ಪ್ರಕರಣದಲ್ಲಿ ಎರಡನೇ ಪ್ರತಿ ಮಗುಚಿದ್ದು ಎಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಅದರ ಪಟ್ಟಿಯನ್ನು ಸಾಲುಸಾಲಾಗಿ ತಿರುವಿದರೆ ಇಬ್ಬರೂ ಒಂದೇ ಮಾತು ಹೇಳಿದ್ದರು. ಈ ಎರಡು ಮನೆಗಳ ನಡುವೆ ಇದೇ ವಿಷಯಕ್ಕೆ ಬೇಸರವೂ ಆಗಿತ್ತು. ಅದನ್ನು ತಿಳಿಹೇಳಿ ಮುಗಿಸುವುದೂ ಈ ಕೆಲಸದ ಭಾಗವೇ.

ಸ್ಕ್ಯಾನ್ ಮಾಡುವ ವಿಷಯ. ಚೌಕಟ್ಟು ಬಿಚ್ಚುವ ಮೊದಲು ಗಾಜನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಒದ್ದೆಯಂತೆ ಹೊಳೆಯುವ ತೇಪೆ ಕಂಡರೆ ಅಲ್ಲಿ ಫೋಟೋದ ಜೆಲಟಿನ್ ಗಾಜಿಗೆ ಅಂಟಿದೆ. ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಅಂಥದನ್ನು ಬಿಚ್ಚದೆ, ಗಾಜಿನ ಸಮೇತ, ಎರಡೂ ಮಗ್ಗಲಿಂದ 45 ಡಿಗ್ರಿ ಕೋನದಲ್ಲಿ ಬೆಳಕು ಕೊಟ್ಟು, ಕ್ಯಾಮೆರಾದ ಹಿಂದೆ ಕರೀ ಬಟ್ಟೆ ಹಿಡಿದು ಫೋಟೋ ತೆಗೆಯಬೇಕು. ಅಂಟಿರದಿದ್ದರೆ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ 1200 ಡಿ.ಪಿ.ಐ.ಗೆ ಹಾಕಿ. ಇಂಥ ಫೋಟೋದಲ್ಲಿ ಒಂದು ಮುಖ ಸುಮಾರು 6 ಮಿಲಿಮೀಟರ್ ಇರುತ್ತದೆ. 600ಕ್ಕೆ ಹಾಕಿದರೆ ಮುಖಕ್ಕೆ 140 ಪಿಕ್ಸೆಲ್ ಮಾತ್ರ ಸಿಗುತ್ತದೆ, 1200ಕ್ಕೆ ಅದರ ಎರಡರಷ್ಟು. ಕಣ್ಣು ಮಂಜಾದ ಹಿರಿಯರಿಗೆ ಅಂಗೈಯಗಲ ಮುಖ ಪ್ರಿಂಟ್ ಹಾಕಿ ತೋರಿಸಬೇಕಾದಾಗ ಈ ವ್ಯತ್ಯಾಸ ಕಾಣುತ್ತದೆ. ಫೈಲನ್ನು ಟಿಫ್‌ನಲ್ಲಿ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೇ ಹೋಗುತ್ತದೆ. ಬಣ್ಣ ಹಚ್ಚುವ, ಮುಖ ತಿದ್ದುವ ಆ್ಯಪ್‌ಗಳನ್ನು ಈ ಹಂತದಲ್ಲಿ ಮುಟ್ಟಲೇಬಾರದು. ಅವು ಇಲ್ಲದ ಕಣ್ಣು-ಮೂಗನ್ನು ತಾವೇ ತುಂಬುತ್ತವೆ, ಆಮೇಲೆ ಗುರುತು ಹಿಡಿದವರು ಯಾರನ್ನು ಹಿಡಿದರು ಎಂಬುದೇ ಗೊತ್ತಾಗುವುದಿಲ್ಲ.

ವಹಿ ಎಲ್ಲಿ ತಪ್ಪುತ್ತದೆ

ದಾಖಲಾತಿ ವಹಿ ಶಾಲೆಯ ಕಾಯಂ ದಾಖಲೆ. ಹೆಡ್‌ಮಾಸ್ತರರ ಲಿಖಿತ ಒಪ್ಪಿಗೆ ಪಡೆದು, ಅವರ ಮುಂದೆಯೇ, ಕಿಟಕಿಯ ಬೆಳಕಿನಲ್ಲಿ ಮೊಬೈಲ್‌ನಿಂದ ಹಾಳೆಹಾಳೆ ಫೋಟೋ ತೆಗೆಯುವುದು ಸಾಕು. ಹಾಳೆಯ ಹಿಂದೆ ಒಂದು ಕರೀ ಕಾಗದ ಇಟ್ಟರೆ ಆಚೆ ಪುಟದ ಶಾಯಿ ಮೂಡುವುದು ನಿಲ್ಲುತ್ತದೆ. ಹರಿದದ್ದಕ್ಕೆ ಟೇಪು ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಬೇಡ. ಉಳಿದ ಹಾಳೆಯೂ ಅದರಿಂದಲೇ ಹಾಳಾಗುತ್ತದೆ.

ಈ ವಹಿಗಳನ್ನು ನಂಬಬೇಕು, ಆದರೆ ಎಲ್ಲೆಲ್ಲಿ ನಂಬಬಾರದು ಎಂದು ತಿಳಿದು ನಂಬಬೇಕು. ಮೊದಲನೆಯದು ಹುಟ್ಟಿದ ತಾರೀಕು. 1956–57ರಲ್ಲಿ ಹತ್ತರಲ್ಲಿದ್ದವರು ಹುಟ್ಟಿದ್ದು 1940–41ರ ಸುಮಾರಿಗೆ, ನಿಜಾಮರ ಕಾಲದಲ್ಲಿ. ಆಗ ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ ನಡೆಯುತ್ತಿದ್ದುದು ಫಸಲಿ ವರ್ಷ. ಅದು ಅಕ್ಟೋಬರ್ ಮೊದಲ ವಾರದಲ್ಲಿ ಆಜೂರ್ ತಿಂಗಳಿಂದ ಶುರುವಾಗುತ್ತಿತ್ತು. ಹಾಗಾಗಿ ಫಸಲಿಯನ್ನು ಇಸವಿಗೆ ತರುವಾಗ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 590 ಕೂಡಿಸಬೇಕು, ಜನವರಿಯಿಂದಾಚೆ 591. ಫಸಲಿ 1350ರ ತೀರ್ ತಿಂಗಳು ಎಂದಿದ್ದರೆ ಅದು 1941ರ ಮೇ ಹೊತ್ತಿನದು. ಎಲ್ಲದಕ್ಕೂ 590 ಕೂಡಿಸುವ ಗುಮಾಸ್ತರ ಕೈಯಲ್ಲಿ ಅದು 1940 ಆಗುತ್ತದೆ, ಹುಡುಗನಿಗೆ ಒಂದು ವರ್ಷ ಹೆಚ್ಚು ವಯಸ್ಸು ಬರುತ್ತದೆ. ಬಳ್ಳಾರಿ ಕಡೆಯ ಕಾಗದಪತ್ರ ಜೊತೆಗಿದ್ದರೆ ಇನ್ನೂ ಎಚ್ಚರ ಬೇಕು. ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನದು. ಅಲ್ಲಿನ ಕಂದಾಯದ ಫಸಲಿ ಶುರುವಾಗುತ್ತಿದ್ದುದು ಜುಲೈ 1ಕ್ಕೆ. ಶಾಲೆಯ ಲೆಕ್ಕವೂ ಬೇರೆ: ಅಲ್ಲಿಯವರು ಒಂಬತ್ತು, ಹತ್ತು ಎನ್ನದೆ ನಾಲ್ಕನೇ ಫಾರಂ, ಐದನೇ ಫಾರಂ ಎನ್ನುತ್ತಿದ್ದರು.

ಇದಲ್ಲದೆ ಜೂನ್ 1, ಜುಲೈ 1 ಹುಟ್ಟಿದವರ ಹಿಂಡೇ ಇರುತ್ತದೆ. ಹೆಸರು ಹಚ್ಚುವ ದಿನ ತಂದೆಗೆ ತಾರೀಕು ಗೊತ್ತಿಲ್ಲದಿದ್ದರೆ ಮಾಸ್ತರರು ವಯಸ್ಸು ಕೂಡುವಂತೆ ಒಂದು ತಾರೀಕು ಬರೆದರು. ಅದು ಮೋಸವಲ್ಲ, ಮಗುವನ್ನು ಒಳಗೆ ಕರೆದುಕೊಳ್ಳಲು ಇದ್ದ ದಾರಿ. ಆದರೆ ಆ ತಾರೀಕನ್ನು ಹಿಡಿದು ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ನಿರ್ಧರಿಸಿ ಫೋಟೋದಲ್ಲಿ ಮುಖ ಹುಡುಕಬಾರದು.

ಎರಡನೆಯದು ಹೆಸರಿನ ರೂಪ. ಪ್ರೈಮರಿ ಮುಗಿಸಿ ಬಂದವರ ಹಳೇ ಸರ್ಟಿಫಿಕೇಟು ಉರ್ದುವಿನಲ್ಲಿತ್ತು. ಅದನ್ನು ನೋಡಿ ಕನ್ನಡಕ್ಕೆ ಇಳಿಸುವಾಗ ‘ಳ’ ಹೋಗಿ ‘ಲ’, ‘ಣ’ ಹೋಗಿ ‘ನ’ ಆಯಿತು. ಉರ್ದು ಬರಹದಲ್ಲಿ ಹ್ರಸ್ವ ಸ್ವರ ಸಾಮಾನ್ಯವಾಗಿ ಕಾಣುವುದಿಲ್ಲ, ಉಕಾರಕ್ಕೂ ಓಕಾರಕ್ಕೂ ವಕಾರಕ್ಕೂ ಒಂದೇ ಅಕ್ಷರ ನಡೆಯುತ್ತದೆ. ಹೀಗಾಗಿ ಒಬ್ಬನೇ ಹುಡುಗ ಪ್ರೈಮರಿಯಲ್ಲಿ ಒಂದು ಹೆಸರು, ಹೈಸ್ಕೂಲಿನಲ್ಲಿ ಇನ್ನೊಂದು ಹೆಸರು ಆಗಿರುತ್ತಾನೆ. ಊರಿನ ಹೆಸರಿಗೂ ಇದೇ ಗತಿ. ಮಾಸ್ತರರ ಲೆಕ್ಕವೂ ಕೆಡುತ್ತದೆ: ಒಂದು ಕಾಗದದಲ್ಲಿ ‘ಸದರ ಮುದರಿಸ್’ ಎಂದು ಸಹಿ, ಇನ್ನೊಂದರಲ್ಲಿ ‘ಹೆಡ್‌ಮಾಸ್ತರ್’ ಎಂದು; ಎರಡರ ಅರ್ಥವೂ ಒಂದೇ. ಇಬ್ಬರು ಎಂದು ಬರೆದುಕೊಂಡರೆ ಶಾಲೆಗೆ ಇಲ್ಲದ ಒಬ್ಬ ಮಾಸ್ತರರು ಹುಟ್ಟುತ್ತಾರೆ.

ಮೂರನೆಯದು ‘ಬಿಟ್ಟ ಕಾರಣ’ ಎಂಬ ಕಾಲಮ್ಮು. ಇಡೀ ಹತ್ತು ಮಂದಿಗೂ ಅಲ್ಲಿರುವುದು ‘ಗೈರುಹಾಜರಿ’ ಒಂದೇ ಶಬ್ದ. ಕಾರಣ ಅಲ್ಲಿಲ್ಲ. ಅದನ್ನು ಹಾಜರಿ ಪುಸ್ತಕದ ತಿಂಗಳಲ್ಲಿ ಹುಡುಕಬೇಕು.

ಹಾಜರಿ ಪುಸ್ತಕ ಮತ್ತು ಹೊಲದ ಕೆಲಸ

ಹತ್ತು ಮಂದಿಯ ಕೊನೆಯ ಹಾಜರಿ ಯಾವ ತಿಂಗಳಲ್ಲಿದೆ ಎಂದು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಚಿತ್ರ ತಾನಾಗಿ ಮೂಡುತ್ತದೆ. ಜೂನ್–ಜುಲೈ ಮುಂಗಾರಿ ಬಿತ್ತಿಗೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹಿಂಗಾರಿ ಜೋಳದ ಬಿತ್ತಿಗೆ. ಜನವರಿ ಕಳೆದರೆ ಜೋಳದ ಸುಗ್ಗಿ, ಆಮೇಲೆ ಹತ್ತಿ ಬಿಡಿಸುವುದು. ಎರಿ ನೆಲದಲ್ಲಿ ಹಿಂಗಾರಿಯೇ ಅನ್ನ. ಹಸಿ ಆರುವ ಮುಂಚೆ ಕೆಲವೇ ದಿನಗಳಲ್ಲಿ ಬಿತ್ತಿ ಮುಗಿಸಬೇಕು, ಕೂರಿಗೆ ಹಿಂದೆ ಒಂದಾಳು ಕಡಿಮೆಯಾದರೂ ನಡೆಯುವುದಿಲ್ಲ. ಅಕ್ಟೋಬರ್‌ನಲ್ಲಿ ಹದಿನೈದು ದಿನ ಬಾರದ ಹುಡುಗ ನವೆಂಬರ್‌ನಲ್ಲಿ ಬಂದರೆ ಗಣಿತ ಎಷ್ಟೋ ಮುಂದೆ ಹೋಗಿರುತ್ತದೆ, ಫೀ ಎರಡು ತಿಂಗಳದು ಬಾಕಿ. ಮೂರನೇ ತಿಂಗಳು ಹೆಸರಿನ ಮೇಲೆ ಕೆಂಪು ಗೆರೆ. ಓದು ಬೇಡವೆಂದು ಬಿಟ್ಟವರು ಕಡಿಮೆ. ಹಿಂದಿರುಗುವ ಬಾಗಿಲು ಸಣ್ಣದಾಗುತ್ತ ಹೋಗಿ ಬಿಟ್ಟವರೇ ಹೆಚ್ಚು. ಹಾಜರಿ ಪುಸ್ತಕವನ್ನು ಫೀ ವಹಿಯ ಪಕ್ಕದಲ್ಲಿಟ್ಟು ಓದಿದರೆ ಇದು ಕಣ್ಣಿಗೆ ಹೊಡೆಯುತ್ತದೆ, ಬೇರೆಬೇರೆಯಾಗಿ ಓದಿದರೆ ಕಾಣುವುದಿಲ್ಲ.

ಎಲ್ಲರೂ ಗೈರಾದ ದಿನಗಳೂ ಉಪಯೋಗಕ್ಕೆ ಬರುತ್ತವೆ. ಮೊಹರಂ, ಕಾರಹುಣ್ಣಿಮೆ, ಪಂಚಮಿ, ಚರಗ ಚೆಲ್ಲುವ ಎಳ್ಳ ಅಮಾವಾಸ್ಯೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ರಜೆ ಕೊಟ್ಟಿರಲಿ ಬಿಡಲಿ, ಅಂದು ಹಾಳೆ ಖಾಲಿ. ಯಾವುದೋ ಗದ್ದಲ ಜಾತ್ರೆಯ ಮರುದಿನ ನಡೆಯಿತು ಎಂದು ಹಿರಿಯರು ಹೇಳಿದರೆ ಅದನ್ನು ಈ ಖಾಲಿ ಹಾಳೆಗೆ ಕಟ್ಟಬಹುದು.

ಫೋಟೋದ ದಿನವೂ ಹೀಗೇ ಸಿಕ್ಕಿತು. ನೆಲದ ಮೇಲೆ ಕೂತ ಹುಡುಗರ ನಡುವಿನ ಸ್ಲೇಟಿನ ಮೇಲೆ 1957 ಎಂದಷ್ಟೇ ಇದೆ. ಬೀಳ್ಕೊಡುವ ಹೊತ್ತಿನ ಫೋಟೋ ಆದ್ದರಿಂದ ಫೆಬ್ರವರಿ–ಮಾರ್ಚ್ ಹಾಜರಿಯಲ್ಲಿ 25ಕ್ಕೆ 22 ಹಾಜರಿದ್ದ ದಿನಗಳನ್ನು ಹುಡುಕಿ, ಆ ದಿನ ಗೈರಾದ ಮೂವರು ಯಾರು ಎಂದು ನೋಡಬೇಕು. ಎರಡು ದಿನ ಹೊಂದಿದವು. ಫೋಟೋಕ್ಕೆಂದು ಹುಡುಗರು ಕೊಟ್ಟ ಹಣ ಫೀ ವಹಿಯಲ್ಲಿ ಜಮಾ ಆದ ತಾರೀಕು ಅದರಲ್ಲಿ ಒಂದರ ಹಿಂದಿನ ದಿನ. ಇಷ್ಟಾದರೂ ಇದನ್ನು ಪೂರ್ತಿ ಖಚಿತ ಎನ್ನಬಾರದು. ಮುಂಜಾನೆ ಹಾಜರಿ ಕರೆಯುವಾಗ ಇಲ್ಲದ ಹುಡುಗ ಫೋಟೋ ಹೊತ್ತಿಗೆ ಬಂದು ನಿಂತಿರಬಹುದು.

ಆ ಮೂವರಲ್ಲಿ ಒಬ್ಬ ಸುಗ್ಗಿಗೆ ಹೋಗಿದ್ದ. ಇಬ್ಬರ ಹೆಸರಿನ ಮುಂದೆ ಫೋಟೋ ಹಣ ಜಮಾ ಇಲ್ಲ. ಪರೀಕ್ಷೆಗೆ ಮೂವರೂ ಕೂತಿದ್ದಾರೆ. ಹಣ ಕೊಡಲಾಗದೆ ಫೋಟೋದಿಂದ ಹೊರಗುಳಿದವರ ಹೆಸರನ್ನು ಈಗಲೂ ಹೊರಗಿಡುವುದಕ್ಕೆ ಯಾವ ಕಾರಣವೂ ಇಲ್ಲ.

ಹಿರಿಯರನ್ನು ಕೇಳುವ ಬಗೆ

ಎಲ್ಲರನ್ನೂ ಒಂದೇ ಕಡೆ ಸೇರಿಸಿ ಫೋಟೋ ಮುಂದಿಟ್ಟರೆ ಎತ್ತರದ ದನಿಯವರು ಹೇಳಿದ್ದಕ್ಕೆ ಉಳಿದವರು ಹೂಂ ಎನ್ನುತ್ತಾರೆ. ಮೊದಲು ಒಬ್ಬೊಬ್ಬರನ್ನೇ, ಅವರ ಮನೆಯಲ್ಲಿ, ಮುಂಜಾನೆ ಹೊತ್ತು ಕೇಳಬೇಕು. ಆಮೇಲೆ ಕೂಡಿಸಬೇಕು. ಪಟ್ಟಿ ತೋರಿಸಬಾರದು, ಹೆಸರು ಎತ್ತಬಾರದು. ಒಂದೊಂದು ಮುಖವನ್ನು ಬೇರೆ ಮಾಡಿ ನಂಬರ್ ಹಾಕಿ ಪ್ರಿಂಟ್ ಹಾಕಿಸಿ, ಸಾಲಿನ ಕ್ರಮ ಕೆಡಿಸಿ ಕೊಡಬೇಕು. ‘ಇವರು ಯಾರು?’ ಎಂಬುದಕ್ಕಿಂತ ಜಾಗದ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ:

‘ಅಜ್ಜಾರ, ನಿಮ್ಮ ಮಗ್ಗಲಾಗ ಯಾರ ಕುಂದರತಿದ್ರರಿ?’

‘ಈ ಕಡೆ ನಮ್ಮ ಬಸ್ಯಾ, ಆ ಕಡೆ ಗ್ವಾಡಿ. ಮಳಿ ಬಂದ್ರ ಗ್ವಾಡಿ ತೊಯ್ತಿತ್ತು ನೋಡ್ರಿ, ಎಲ್ಲಾರೂ ನಡುವ ಸರದು ಕುಂದರತಿದ್ವಿ.’

ಒಂದು ಉತ್ತರದಲ್ಲಿ ಒಬ್ಬ ಗೆಳೆಯ, ಕೋಣೆಯ ಆಕಾರ, ಸೋರುವ ಮಾಳಿಗೆ ಎಲ್ಲ ಬಂತು. ಯಾವ ಬಸ್ಯಾ ಎಂದು ಕೂಡಲೇ ಬಾಯಿ ಹಾಕದೆ, ಮಾತು ಮುಗಿದ ಮೇಲೆ ಊರು, ತಂದೆಯ ಹೆಸರು ಕೇಳಬೇಕು.

ವರ್ಷ ಕೇಳಿದರೆ ಹಿರಿಯರು ತಡವರಿಸುತ್ತಾರೆ, ಅದಕ್ಕೆ ಆಸರೆ ಕೊಡಬೇಕು. ಈ ವಯಸ್ಸಿನವರಿಗೆ ಈ ಭಾಗದಲ್ಲಿ ಗಟ್ಟಿಯಾಗಿ ನಿಲ್ಲುವ ಗುರುತುಗಳಿವು: 1947–48ರ ರಜಾಕಾರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಆ್ಯಕ್ಷನ್, 1952ರ ಮೊದಲ ಚುನಾವಣೆ, 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟದ್ದು, 1956ರ ನವೆಂಬರ್ 1ರ ಏಕೀಕರಣ, 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದದ್ದು. ‘ಆ ಮಾಸ್ತರರು ನಯಾಪೈಸೆ ಬರೋಕಿಂತ ಮುಂಚೆ ಇದ್ದರೋ ಆಮೇಲೋ’ ಎಂದರೆ ಥಟ್ಟನೆ ಹೇಳುತ್ತಾರೆ. ಈ ಕ್ಲಾಸಿನವರು ಹತ್ತನೇ ಕ್ಲಾಸಿಗೆ ಕಾಲಿಟ್ಟಾಗ ಊರು ಹೈದರಾಬಾದ್ ರಾಜ್ಯದಲ್ಲಿತ್ತು, ಮುಗಿಸಿದಾಗ ಮೈಸೂರು ರಾಜ್ಯದಲ್ಲಿತ್ತು. ಅದೇ ಏಕೀಕರಣದಲ್ಲಿ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರದ ಪಾಲಾದವು. ಅತ್ತ ಕಡೆಗೆ ಟಿ.ಸಿ. ತಗೊಂಡು ಹೋದವರ ಕಾಗದ ಹುಡುಕುವಾಗ ಇದು ನೆನಪಿರಬೇಕು.

ನೆನಪು ಜಾರುವ ಒಂದು ಜಾಗ ಎಲ್ಲ ಊರಲ್ಲೂ ಒಂದೇ. ಮುಂದೆ ದೊಡ್ಡ ಹುದ್ದೆಗೆ ಹೋದ ಊರವರನ್ನು ಎಲ್ಲರೂ ತಮ್ಮ ಕ್ಲಾಸಿಗೆ ಎಳೆದುಕೊಳ್ಳುತ್ತಾರೆ. ಇಲ್ಲಿ ಬೆಂಚಿನ ಮೇಲಿನ ಒಂದು ಮುಖವನ್ನು ಮೂವರು ಒಂದೇ ಬಾಯಿಂದ ಅಂಥ ಒಬ್ಬರೆಂದು ಗುರುತಿಸಿದರು. ವಹಿ ನೋಡಿದರೆ ಅವರು 1955ರ ಜುಲೈನಲ್ಲೇ ಟಿ.ಸಿ. ತಗೊಂಡಿದ್ದಾರೆ. ಮೂವರೂ ಸುಳ್ಳು ಹೇಳಿಲ್ಲ. ಒಂದು ವರ್ಷ ಅವರ ಜೊತೆ ನಿಜಕ್ಕೂ ಕಲಿತಿದ್ದಾರೆ. ಆ ಮುಖ ಮಾತ್ರ ಬೇರೊಬ್ಬರದು, ಒಂಬತ್ತಕ್ಕೆ ಬಂದು ಸೇರಿದ ಹುಡುಗನದು. ಹೆಸರಾದವರ ನೆರಳಿನಲ್ಲಿ ಇನ್ನೊಬ್ಬನ ಮುಖವೇ ಮರೆಯಾಗುತ್ತದೆ. ಅದಕ್ಕೇ ಬಾಯಿಮಾತು ಎಷ್ಟೇ ಒಗ್ಗಟ್ಟಾಗಿದ್ದರೂ ವಹಿಗೆ ಹಚ್ಚದೆ ಬಿಡಬಾರದು.

ಗುರುತನ್ನು ಮೂರು ದರ್ಜೆಯಲ್ಲಿ ಬರೆದಿಡುವುದು ಒಳ್ಳೆಯದು. ಬೇರೆಬೇರೆಯಾಗಿ ಕೇಳಿದ ಇಬ್ಬರು ಒಂದೇ ಹೆಸರು ಹೇಳಿ, ಹಾಜರಿ ಪುಸ್ತಕವೂ ಒಪ್ಪಿದರೆ ಖಚಿತ. ಒಬ್ಬರೇ ಹೇಳಿದರೆ, ಇಲ್ಲವೇ ಮನೆಯವರ ಹೋಲಿಕೆ ಮಾತ್ರ ಇದ್ದರೆ ಸಾಧ್ಯ. ಉಳಿದದ್ದು ತಿಳಿಯದು. ಇಪ್ಪತ್ತೆರಡು ಮುಖಗಳಲ್ಲಿ 17 ಖಚಿತ, 3 ಸಾಧ್ಯ, 2 ತಿಳಿಯದು. ಆ ಎರಡು ಖಾಲಿ ಜಾಗಕ್ಕೆ ಉಳಿದ ಹೆಸರುಗಳಲ್ಲಿ ಯಾವುದನ್ನಾದರೂ ತುಂಬುವ ಆಸೆ ಬರುತ್ತದೆ. ತುಂಬಬಾರದು. ಒಂದು ಮೊಮ್ಮಗಳು ತನ್ನ ಅಜ್ಜನೆಂದು ಬೇರೆ ಯಾರದೋ ಮುಖಕ್ಕೆ ಕೈಮುಗಿದು ಹೋಗುವುದಕ್ಕಿಂತ ಖಾಲಿ ಜಾಗವೇ ಮೇಲು.

ಇಬ್ಬರು ಹುಡುಗಿಯರು

ಇವರನ್ನು ಹುಡುಕುವುದೇ ಎಲ್ಲಕ್ಕಿಂತ ಕಷ್ಟ, ಮತ್ತು ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಮದುವೆಯಾಗಿ ಊರು, ಅಡ್ಡಹೆಸರು ಬದಲು. ಕೆಲವು ಮನೆತನಗಳಲ್ಲಿ ಗಂಡನ ಮನೆಯವರು ಹೆಸರನ್ನೇ ಬದಲಿಸಿರುತ್ತಾರೆ. ಹಾಜರಿಯಿಂದ ಸಿಗುವುದು ತಂದೆಯ ಹೆಸರು ಮಾತ್ರ, ಹಾಗಾಗಿ ತವರುಮನೆಯ ದಾರಿ ಹಿಡಿಯಬೇಕು. ಅಣ್ಣ-ತಮ್ಮಂದಿರ ಮಕ್ಕಳಿಗೆ ಅತ್ತೆ ಎಲ್ಲಿದ್ದಾರೆ ಎಂದು ಗೊತ್ತಿರುತ್ತದೆ. ನಾಗರ ಪಂಚಮಿಗೆ ಈ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ರೂಢಿ. ಆ ವಾರ ಹೋದರೆ ಅವರೇ ಸಿಗಬಹುದು, ಇಲ್ಲದಿದ್ದರೆ ಅವರ ಓರಗೆಯವರಾದರೂ ಸಿಗುತ್ತಾರೆ. ಗಂಡನ ಮನೆಯಲ್ಲಿ, ಮಕ್ಕಳ ಮುಂದೆ ಕೇಳುವುದಕ್ಕಿಂತ ತವರಿನಲ್ಲಿ ಮಾತು ಸಲೀಸು.

ದಾಖಲಾತಿ ವಹಿಯಲ್ಲಿ ಒಬ್ಬ ಹುಡುಗಿಯ ನಂಬರಿನ ಪಕ್ಕದ ನಂಬರೇ ಅವಳ ಅಣ್ಣನದು, ಇಬ್ಬರ ಕೊನೆಯ ಹಾಜರಿಯೂ ಒಂದೇ ವಾರ. ಅಣ್ಣ ಬಿಟ್ಟ, ಒಬ್ಬಳನ್ನೇ ಕಳಿಸುವವರಿಲ್ಲದೆ ಅವಳೂ ಬಿಟ್ಟಳು ಎಂದು ಅನ್ನಿಸುತ್ತದೆ. ಇದಕ್ಕೆ ಬಾಯಿಮಾತಿನ ಆಧಾರ ಸಿಗುವವರೆಗೆ ವಹಿಯ ಎರಡು ಸಾಲನ್ನು ಒಟ್ಟಿಗೆ ತೋರಿಸಬಹುದು, ಕಾರಣವೆಂದು ಬರೆಯಬಾರದು.

ಕ್ಲಾಸಿನ ಒಳಗೆ

ಹೆಸರುಗಳಾದ ಮೇಲೆ ಉಳಿಯುವುದು ದಿನನಿತ್ಯದ ಬದುಕು. ಈ ಕ್ಲಾಸಿಗೆ ಹುಡುಗರು ಮೂರು ದಾರಿಯಿಂದ ಬಂದಿದ್ದರು. ಊರಿನ ಸರ್ಕಾರಿ ಶಾಲೆಯಿಂದ ಬಂದವರು ಸಣ್ಣವರಿದ್ದಾಗಲೇ ಉರ್ದು ಅಕ್ಷರ ಕಲಿತವರು. ರಜಾಕಾರರ ಹಾವಳಿಯಲ್ಲಿ ಗಡಿ ದಾಟಿ ಮುಂಡರಗಿ, ಗಜೇಂದ್ರಗಡ, ಗದಗ ಕಡೆ ಬಂಧುಗಳ ಮನೆಯಲ್ಲಿದ್ದವರು ಮುಂಬೈ ಪ್ರಾಂತದ ಕನ್ನಡ ಶಾಲೆಯಲ್ಲಿ ಒಂದೆರಡು ಇಯತ್ತೆ ಕಲಿತು ಬಂದರು. ಹಳ್ಳಿಗಳ ಅಯ್ಯಗಳ ಸಾಲಿಯಿಂದ ನೇರ ಬಂದವರಿಗೆ ಮಗ್ಗಿ, ಲೆಕ್ಕ ಬಾಯಿತುದಿಯಲ್ಲಿ, ಇಂಗ್ಲಿಷ್ ಮಾತ್ರ ಹೊಸದು. 1948ರವರೆಗೆ ಮೇಲಿನ ತರಗತಿಗಳು ಉರ್ದು ಮಾಧ್ಯಮದಲ್ಲಿದ್ದವು. ತಹತಾನಿಯಾ (ಪ್ರೈಮರಿ), ವಸ್ತಾನಿಯಾ (ಮಿಡ್ಲ್), ಫೌಖಾನಿಯಾ (ಹೈಸ್ಕೂಲ್) ಎಂಬ ಮೂರು ಮೆಟ್ಟಿಲು. ವಾರದ ಸೂಟಿ ಶುಕ್ರವಾರ. ಆಮೇಲೆ ಸೂಟಿ ಭಾನುವಾರಕ್ಕೆ ಬಂತು, ಪಾಠ ಕನ್ನಡಕ್ಕೆ ಬಂತು. ಮಾಸ್ತರರು ಅವರೇ ಇದ್ದಲ್ಲಿ ಲೆಕ್ಕದ ಮಾತು ಜಮಾ, ತಫ್ರೀಕ್, ಜರ್ಬ್, ತಖ್ಸೀಮ್ ಎಂದೇ ಉಳಿಯಿತು. ಕೂಡಿಸು, ಕಳೆ, ಗುಣಿಸು, ಭಾಗಿಸು ಎಂದು ಧಾರವಾಡ ಕಡೆಯಿಂದ ಬಂದ ಮಾಸ್ತರರು ಹೇಳಿದರೆ ಹುಡುಗರು ಎರಡನ್ನೂ ಕಲಿತರು. ಹಳೇ ನೋಟ್‌ಬುಕ್ಕು ಸಿಕ್ಕರೆ ಯಾವ ಪುಟದಲ್ಲಿ ಯಾವ ಮಾತಿದೆ ಎಂದು ನೋಡಿ. ಯಾವ ಮಾಸ್ತರರು ಯಾವಾಗ ಬಂದರು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ.

ಶಾಯಿ ಪುಡಿ ಕಲಸಿದ ದೌತಿ, ಅದ್ದಿ ಬರೆಯುವ ಟಾಕು, ಗಂಟೆಯ ಬದಲು ತೂಗುಹಾಕಿದ ಕಬ್ಬಿಣದ ತುಂಡು, ಕಂದೀಲಿನ ಮುಂದೆ ರಾತ್ರಿ ಓದು: ಇವು ಎಲ್ಲರ ಬಾಯಲ್ಲೂ ಬರುತ್ತವೆ, ಒಂದು ಸಲ ಬರೆದುಕೊಂಡರೆ ಸಾಕು. ವಿಚಾರಿಸಬೇಕಾದ್ದು ಬೇರೆ. ಪರ ಊರಿನ ಹುಡುಗರು ಎಲ್ಲಿ ಉಳಿದರು, ರೊಟ್ಟಿ ಬುತ್ತಿ ಯಾರು ತಂದುಕೊಟ್ಟರು, ವಾರಾನ್ನ ಯಾವ ಮನೆಗಳಲ್ಲಿತ್ತು, ಕುಡಿಯುವ ನೀರಿನ ಕೊಡಕ್ಕೆ ಯಾರು ಕೈ ಹಾಕಬಹುದಿತ್ತು, ಯಾರಿಗೆ ಮೇಲಿಂದ ಸುರಿಯುತ್ತಿದ್ದರು, ಯಾರು ಹಿಂದಿನ ಸಾಲಿನಲ್ಲಿ ಬೇರೆ ಕೂರುತ್ತಿದ್ದರು. ಈ ಕೊನೆಯ ಪ್ರಶ್ನೆಗಳನ್ನು ಗುಂಪಿನಲ್ಲಿ ಕೇಳಿದರೆ ‘ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ’ ಎಂಬ ಉತ್ತರ ಬರುತ್ತದೆ. ಹಿಂದಿನ ಸಾಲಿನಲ್ಲಿ ಕೂತವರನ್ನೇ ಅವರ ಮನೆಯಲ್ಲಿ ಕೇಳಬೇಕು, ಅವರು ಹೇಳಲು ಒಪ್ಪಿದಷ್ಟನ್ನೇ ಬರೆಯಬೇಕು. ಅದಿಲ್ಲದೆ ಕ್ಲಾಸಿನ ನೆನಪು ಅರ್ಧ.

ಫೀ ವಹಿ ಓದುವಾಗ ಚುಕ್ಕೆ-ಗೆರೆ ನೋಡಿ ಓದಬೇಕು. 1-8-0 ಎಂದರೆ ಒಂದು ರೂಪಾಯಿ ಎಂಟಾಣೆ, ಅಂದರೆ ಒಂದೂವರೆ ರೂಪಾಯಿ, 1.80 ಅಲ್ಲ. ಆಣೆಗೆ ಆರೂಕಾಲು ನಯಾಪೈಸೆ. 1957ರ ಏಪ್ರಿಲ್‌ನಿಂದಾಚೆ ಅದೇ ವಹಿಯಲ್ಲಿ ನಯಾಪೈಸೆ ಲೆಕ್ಕ ಶುರುವಾಗುವುದರಿಂದ ಹಾಳೆ ತಿರುವುವಾಗ ಎಡವುವುದು ಸುಲಭ. ಇನ್ನೂ ಹಿಂದಿನ ವಹಿಯಾದರೆ ಹಾಲಿ ಸಿಕ್ಕವೋ (ನಿಜಾಮರ ರೂಪಾಯಿ) ಕಲ್ದಾರೋ (ಬ್ರಿಟಿಷರ ರೂಪಾಯಿ) ನೋಡಬೇಕು. ಏಳು ಹಾಲಿಗೆ ಆರು ಕಲ್ದಾರ್ ಲೆಕ್ಕ. ಹಿರಿಯರು ‘ಫೀ ಏಳು ರೂಪಾಯಿ’ ಎಂದರೆ ಯಾವ ರೂಪಾಯಿ ಎಂದು ಕೇಳದೆ ಬರೆದುಕೊಳ್ಳಬೇಡಿ.

ಗೋಡೆಗೆ ಏರಿದ್ದು

ಕೊನೆಗೆ ಹಾಲ್‌ಗೆ ತಯಾರಾದದ್ದು ಒಂದಲ್ಲ, ಎರಡು ಚೌಕಟ್ಟು. ಒಂದರಲ್ಲಿ ಕತ್ತರಿಸದ ಪೂರ್ತಿ ಫೋಟೋ, ಕೆಳಗೆ ಅದೇ ಆಕಾರದ ಗೆರೆಚಿತ್ರದಲ್ಲಿ ಮುಖಕ್ಕೊಂದು ನಂಬರ್, ನಂಬರಿಗೆ ಹೆಸರು. ಚಪರಾಸಿಯ ಹೆಸರು ಮಾಸ್ತರರ ಪಟ್ಟಿಯಲ್ಲೇ, ಅದೇ ಅಳತೆಯ ಅಕ್ಷರದಲ್ಲಿ. ‘ಸಾಧ್ಯ’ ದರ್ಜೆಯ ಮೂರು ಹೆಸರಿನ ಮುಂದೆ ಪ್ರಶ್ನೆಗುರುತು. ಇನ್ನೊಂದರಲ್ಲಿ 1954ರ ಜೂನ್‌ನ ನಲವತ್ತೂ ಹೆಸರು, ದಾಖಲಾ ನಂಬರಿನ ಕ್ರಮದಲ್ಲಿ, ಊರಿನ ಸಮೇತ. ಜಾತಿ, ಹುಟ್ಟಿದ ತಾರೀಕು, ಬಿಟ್ಟ ಕಾರಣದ ಕಾಲಮ್ಮುಗಳನ್ನು ಗೋಡೆಗೆ ಹಾಕಿಲ್ಲ. ಅವನ್ನು ಮನೆಯವರು ಬಂದು ಕೇಳಿದರೆ ಅವರದಷ್ಟನ್ನೇ ತೋರಿಸಲು ಹೆಡ್‌ಮಾಸ್ತರರ ಬಳಿ ಒಂದು ಪ್ರತಿ ಇದೆ.

ಎರಡೂ ಚೌಕಟ್ಟಿಗೆ ಗಾಜಿಗೂ ಕಾಗದಕ್ಕೂ ನಡುವೆ ರಟ್ಟಿನ ಅಂಚು ಕೊಟ್ಟು ಅಂತರ ಇಡಿಸಬೇಕು. ಹಿಂಬದಿಗೆ ಪ್ಲೈವುಡ್ ಹಾಕಿ ಗೋಡೆಯಿಂದ ಅರ್ಧ ಇಂಚು ಮುಂದೆ ನಿಲ್ಲುವಂತೆ ತುಂಡು ಬಡಿಸಿದರೆ ಮಳೆಗಾಲದ ತಂಪು ಮತ್ತು ಒರಲೆ ನೇರವಾಗಿ ಹತ್ತುವುದು ತಪ್ಪುತ್ತದೆ. ಮೂಲ ಫೋಟೋ ಮನೆಯವರಿಗೇ ವಾಪಸ್. ಪ್ರತಿಗಳು ಶಾಲೆಗೆ ಒಂದು, ಊರಿನ ಗ್ರಂಥಾಲಯಕ್ಕೆ ಒಂದು, ಪೆನ್‌ಡ್ರೈವ್ ಎರಡು ಬೇರೆಬೇರೆ ಮನೆಯಲ್ಲಿ. ಹೆಸರಿನ ಪಟ್ಟಿಯ ಕೆಳಗೆ ತಯಾರಿಸಿದ ತಿಂಗಳು, ವರ್ಷ, ‘ತಿದ್ದುಪಡಿ 1’ ಎಂದು ಹಾಕಿ, ಎಂಟು ಸಾಲು ಖಾಲಿ ಬಿಡಲಾಗಿದೆ. ಮುಂದಿನ ಪಂಚಮಿಗೆ ಯಾರಾದರೂ ಬಂದು ಬೆಂಚಿನ ಸಾಲಿನ ಆರನೆಯವನನ್ನು ಗುರುತಿಸಿದರೆ, ಹೇಳಿದವರ ಹೆಸರು, ತಾರೀಕು ಬರೆದು ‘ತಿದ್ದುಪಡಿ 2’ ಮಾಡುವುದು ಶಾಲೆಯ ಗುಮಾಸ್ತರ ಕೆಲಸ.